ಎಂಬಿಎ ಅಡ್ಮಿಷನ್ ಪ್ಯಾಕೇಜು: ಡಿಗ್ರಿಯಲ್ಲಿ ಅಂಕ ಕಮ್ಮಿ ಇರುವವರು ಯಾವುದಕ್ಕೆ ದುಡ್ಡು ಕೊಡಬೇಕು?

ಹಾಸನದ ಬಿ.ಎಂ. ರಸ್ತೆಯಲ್ಲಾಗಲಿ ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಾಗಲಿ ಎಂಬಿಎ ಕೋಚಿಂಗ್ ವಿಚಾರಿಸಿದರೆ ಬರೀ ಪಾಠ ಮಾರುವವರು ಕಮ್ಮಿ. ಅರ್ಜಿ ತುಂಬಿಕೊಡುವುದು, ಅಣಕು ಪರೀಕ್ಷೆ, ‘ಪ್ರೊಫೈಲ್ ಬಿಲ್ಡಿಂಗ್’ ಸರ್ಟಿಫಿಕೇಟುಗಳು, ಎಸ್‌ಒಪಿ (ಅರ್ಜಿಯ ಜೊತೆ ಕೊಡುವ ಉದ್ದೇಶದ ಪ್ರಬಂಧ), ಸಂದರ್ಶನದ ತಾಲೀಮು, ಕೊನೆಗೆ ಏನೂ ಆಗದಿದ್ದರೆ ಮ್ಯಾನೇಜ್‌ಮೆಂಟ್ ಕೋಟಾ ಸೀಟು. ಇಷ್ಟನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿ ಕೊಡುತ್ತಾರೆ. ಡಿಗ್ರಿಯಲ್ಲಿ 52, 55 ಪರ್ಸೆಂಟ್ ತೆಗೆದವರಿಗೆ ಈ ಕಟ್ಟು ಇನ್ನೂ ದೊಡ್ಡದಾಗುತ್ತದೆ, ಬೆಲೆಯೂ ಏರುತ್ತದೆ. ಇಲ್ಲಿ ಪರಿಶೀಲನೆಗೆ ಎತ್ತಿಕೊಂಡಿರುವುದು ಈ ಸರಕನ್ನು. ಯಾವುದೇ ಒಂದು ಸೆಂಟರನ್ನು ಹೊಗಳುವ ತೆಗಳುವ ಉದ್ದೇಶವಿಲ್ಲ.

ಮೊದಲು ಕೇಳಬೇಕಾದ ಪ್ರಶ್ನೆಯನ್ನು ಕೌಂಟರಿನಲ್ಲಿ ಕೂತವರು ಕೇಳುವುದೇ ಅಪರೂಪ: ನಿಮ್ಮ ಅಂಕ ಯಾವ ಬಾಗಿಲಲ್ಲಿ ಅಡ್ಡ ಬರುತ್ತದೆ? ಡಿಗ್ರಿ ಅಂಕಕ್ಕೆ ಎಲ್ಲ ಕಡೆ ಒಂದೇ ತೂಕವಿಲ್ಲ. ಕೆಲವು ಕಡೆ ಅದು ಬರೀ ಅರ್ಹತೆಯ ಗೆರೆ, ದಾಟಿದರೆ ಮುಗಿಯಿತು. ಕೆಲವು ಕಡೆ ಸಂದರ್ಶನಕ್ಕೆ ಕರೆ ಕಳಿಸುವ ಲೆಕ್ಕದಲ್ಲೇ ಸೇರುತ್ತದೆ. ಇನ್ನು ಕೆಲವು ಕಡೆ ಸಂದರ್ಶನದ ಮೇಜಿನ ಮೇಲಷ್ಟೇ ಎದುರಾಗುತ್ತದೆ. ಇದನ್ನು ಬಿಡಿಸಿ ಹೇಳದ ಪ್ಯಾಕೇಜಿನಲ್ಲಿ ಉಳಿದದ್ದೇನಿದ್ದರೂ ಅಂದಾಜಿನ ವ್ಯಾಪಾರ.

ಗೆರೆಯ ವಿಚಾರ. ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ನಿಯಂತ್ರಣ ಸಂಸ್ಥೆ) ಮಾನ್ಯತೆಯ ಎಂಬಿಎಗೆ ಪದವಿಯಲ್ಲಿ ಕನಿಷ್ಠ 50 ಪರ್ಸೆಂಟ್ ಬೇಕು, ಮೀಸಲು ವರ್ಗಕ್ಕೆ 45. ಐಐಎಂಗಳ ಪ್ರವೇಶ ಪರೀಕ್ಷೆ ಕ್ಯಾಟ್ ಕೂಡ ಅದನ್ನೇ ಕೇಳುತ್ತದೆ. 45ರ ರಿಯಾಯಿತಿ ಅಲ್ಲಿ ಎಸ್‌ಸಿ, ಎಸ್‌ಟಿ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ. ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎ ನಡೆಸುವ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಪಿಜಿಸಿಇಟಿಯಲ್ಲಿ ಎಸ್‌ಸಿ, ಎಸ್‌ಟಿ ಜೊತೆ ಪ್ರವರ್ಗ-1ಕ್ಕೂ ಆ ರಿಯಾಯಿತಿ ಇದೆ. ಈ ಪರ್ಸೆಂಟೇಜನ್ನು ಹೇಗೆ ಲೆಕ್ಕ ಹಾಕುತ್ತಾರೆ ಎನ್ನುವಲ್ಲಿಯೇ ಜನ ಎಡವುವುದು. ವಿಟಿಯುವಿನ (ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯ) 2018ರ ಸ್ಕೀಮಿನಲ್ಲಿ, ಅಂದರೆ ಆ ವರ್ಷದ ಪಠ್ಯಕ್ರಮದಲ್ಲಿ, ಓದಿದವರಿಗೆ ಸೂತ್ರ ಹೀಗಿದೆ: ಸಿಜಿಪಿಎಯಿಂದ (10ಕ್ಕೆ ಕೊಡುವ ಒಟ್ಟು ಗ್ರೇಡ್ ಸರಾಸರಿ) 0.75 ಕಳೆದು 10ರಿಂದ ಗುಣಿಸಬೇಕು. ಅಂದರೆ 5.75 ಇದ್ದರೆ ಸರಿಯಾಗಿ 50. 5.70 ಇದ್ದರೆ 49.5, ಗೆರೆಯ ಕೆಳಗೆ. ಹತ್ತರಿಂದ ನೇರವಾಗಿ ಗುಣಿಸಿ 57 ಎಂದು ತುಂಬಿದವರ ಅರ್ಜಿ ಆನ್‌ಲೈನಿನಲ್ಲಿ ಸಲೀಸಾಗಿ ಹೋಗುತ್ತದೆ. ದಾಖಲೆ ಪರಿಶೀಲನೆಯ ದಿನ ಸೀಟು ಹೋಗುತ್ತದೆ. ಸ್ಕೀಮು ಬದಲಾದರೆ ಸೂತ್ರವೂ ಬದಲಾಗಬಹುದು, ಹಾಗಾಗಿ ನಿಮ್ಮ ಸ್ಕೀಮಿನ ಪರಿವರ್ತನಾ ಸೂತ್ರವನ್ನು ಅಂಕಪಟ್ಟಿಯ ಹಿಂಬದಿಯಲ್ಲೋ ವಿಶ್ವವಿದ್ಯಾಲಯದ ಸುತ್ತೋಲೆಯಲ್ಲೋ ನೋಡಿಯೇ ತುಂಬಬೇಕು. ವಿಶ್ವವಿದ್ಯಾಲಯಕ್ಕೆ ಸೂತ್ರವೇ ಇಲ್ಲದಿದ್ದರೆ ಮಾತ್ರ, ಪಡೆದ ಸಿಜಿಪಿಎಯನ್ನು ಗರಿಷ್ಠ ಸಿಜಿಪಿಎಯಿಂದ ಭಾಗಿಸಿ 100ರಿಂದ ಗುಣಿಸುವುದು ಕ್ಯಾಟ್‌ನ ನಿಯಮ. ಮೈಸೂರು, ಕುವೆಂಪು ವಿಶ್ವವಿದ್ಯಾಲಯಗಳ ಬಿ.ಎ., ಬಿ.ಕಾಂ.ನವರು ಭಾಷಾ ಪತ್ರಿಕೆಗಳನ್ನು ಬಿಟ್ಟು ಬರೀ ಐಚ್ಛಿಕ ವಿಷಯಗಳನ್ನು ಕೂಡಿಸಿ 50 ದಾಟಿಸಿಕೊಳ್ಳುವುದೂ ಉಂಟು. ಅಂಕಪಟ್ಟಿಯಲ್ಲಿ ವಿಶ್ವವಿದ್ಯಾಲಯ ಕೂಡಿಸಿದಂತೆ ಬರುವ ಲೆಕ್ಕವೇ ಲೆಕ್ಕ. 49.9 ಎಂದರೆ 49.9.

ಗೆರೆಯ ಕೆಳಗಿದ್ದವರಿಗೆ ಕೋಚಿಂಗ್ ಮಾರುವುದು ಸರಿಯಲ್ಲ. ಅವರಿಗೆ ಬೇಕಾದದ್ದು ಬೇರೆ: ವಿಶ್ವವಿದ್ಯಾಲಯದ ನಿಯಮದಲ್ಲಿ ಅಂಕ ಸುಧಾರಣೆಗೆ ಅವಕಾಶವಿದೆಯೇ ಎಂದು ಪರೀಕ್ಷಾಂಗ ವಿಭಾಗದಲ್ಲಿ ವಿಚಾರಿಸುವುದು. ಇಲ್ಲದಿದ್ದರೆ ಸಿಎ, ಸಿಎಂಎ, ಸಿಎಸ್‌ನಂಥ ವೃತ್ತಿಪರ ಅರ್ಹತೆ, ಕ್ಯಾಟ್ ಇವನ್ನೂ ಪರಿಗಣಿಸುತ್ತದೆ. ಅಥವಾ ಕನಿಷ್ಠ ಪರ್ಸೆಂಟ್ ಕೇಳದ ಕಡೆ ಹೋಗುವುದು. ಎಕ್ಸ್‌ಎಟಿ ಎಂಬ ಇನ್ನೊಂದು ಎಂಬಿಎ ಪ್ರವೇಶ ಪರೀಕ್ಷೆ ಬರೆಯಲು ಪದವಿ ಸಾಕು, ಕನಿಷ್ಠ ಅಂಕದ ಷರತ್ತಿಲ್ಲ. ಆದರೆ ಎಕ್ಸ್‌ಎಟಿ ಅಂಕವನ್ನು ಒಪ್ಪುವ ಪ್ರತಿ ಕಾಲೇಜಿಗೂ ತನ್ನದೇ ಷರತ್ತು ಇರುತ್ತದೆ, ಅದನ್ನು ಪ್ರತ್ಯೇಕ ನೋಡಬೇಕು. ‘ಮೇಲೆ ಎಂ.ಕಾಂ. ಮಾಡಿಬಿಡಿ, ಡಿಗ್ರಿ ಪರ್ಸೆಂಟ್ ಯಾರೂ ಕೇಳಲ್ಲ’ ಎಂಬ ಸಲಹೆ ಬಂದರೆ ನಂಬಬೇಡಿ. ಸ್ನಾತಕೋತ್ತರ ಪದವಿಯ ಅಂಕ ಪದವಿಯ ಅಂಕದ ಜಾಗಕ್ಕೆ ಬರುವುದಿಲ್ಲ.

ಇನ್ನು ಗೆರೆ ದಾಟಿದವರು. ಹಾಸನದ 52 ಪರ್ಸೆಂಟಿನ ಹುಡುಗಿಗೆ ಅತಿ ಹೆಚ್ಚು ಲಾಭ ಕೊಡುವ ಪರೀಕ್ಷೆ ಪಿಜಿಸಿಇಟಿ. ಈ ಮಾತನ್ನು ಪ್ಯಾಕೇಜು ಮಾರುವವರು ಜೋರಾಗಿ ಹೇಳುವುದಿಲ್ಲ, ಯಾಕೆಂದರೆ ಇದಕ್ಕೆ ದೊಡ್ಡ ಪ್ಯಾಕೇಜು ಬೇಕಿಲ್ಲ. 100 ಪ್ರಶ್ನೆ, 100 ಅಂಕ, 2 ಗಂಟೆ, ತಪ್ಪಿಗೆ ಅಂಕ ಕಡಿತವಿಲ್ಲ. ರ‍್ಯಾಂಕು ಪರೀಕ್ಷೆಯ ಅಂಕದ ಮೇಲೆ. 52 ಇದ್ದವರೂ 82 ಇದ್ದವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಇಂಗ್ಲಿಷ್, ತಾರ್ಕಿಕ ಸಾಮರ್ಥ್ಯ, ಗಣಿತ, ಸಾಮಾನ್ಯ ಜ್ಞಾನ, ಕಂಪ್ಯೂಟರ್ ತಿಳಿವಳಿಕೆ ಇಷ್ಟೇ ಪಠ್ಯ. ಹಳೆಯ ಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿದರೆ ಮುಕ್ಕಾಲು ತಯಾರಿ ಆದಂತೆ. ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಇದರಲ್ಲಿ ಕೆಲಸ ಕೆಡುವುದು ಬಹುತೇಕ ಆಮೇಲೆ: ಕರ್ನಾಟಕದಲ್ಲಿ 7 ವರ್ಷ ಓದಿದ ವ್ಯಾಸಂಗ ಪ್ರಮಾಣಪತ್ರ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಗಳಿಗೆ ಬಿಇಒ ಕಚೇರಿಯ ಮೇಲುಸಹಿ, ಜಾತಿ ಆದಾಯ ಪತ್ರದ ಅವಧಿ. ಇವನ್ನು ಪರೀಕ್ಷೆಗೆ ಮುಂಚೆಯೇ ಮಾಡಿಸಿಡಬೇಕು. ಸಕಲೇಶಪುರದ ಒಳಗಿನ ಊರಿನಲ್ಲಿ ಪ್ರಾಥಮಿಕ ಶಾಲೆ ಓದಿದವರಿಗೆ ಹಳೇ ಶಾಲೆಯ ದಾಖಲೆ ತೆಗೆಸುವುದೇ ಒಂದು ಸುತ್ತಾಟ. ಪ್ಯಾಕೇಜು ಈ ಓಡಾಟದಲ್ಲಿ ನೆರವಾಗುತ್ತದಾದರೆ ಆ ಭಾಗಕ್ಕೆ ದುಡ್ಡು ಕೊಡಬಹುದು. ಬಹಳಷ್ಟು ಪ್ಯಾಕೇಜುಗಳಲ್ಲಿ ಇದು ಇರುವುದೇ ಇಲ್ಲ.

ಕ್ಯಾಟ್‌ನಲ್ಲಿ ಅಂಕ ಎರಡು ಸಲ ಎದುರಾಗುತ್ತದೆ: ಒಮ್ಮೆ ಅರ್ಹತೆಯ ಗೆರೆಯಲ್ಲಿ, ಇನ್ನೊಮ್ಮೆ ಸಂದರ್ಶನಕ್ಕೆ ಕರೆ ಕಳಿಸುವಾಗ. ಐಐಎಂ ಅಹಮದಾಬಾದ್ ಹತ್ತನೇ ತರಗತಿ, ಪಿಯುಸಿ, ಪದವಿ ಮತ್ತು ಕೆಲಸದ ಅನುಭವವನ್ನು ಸೇರಿಸಿ ಒಂದು ಅಪ್ಲಿಕೇಶನ್ ರೇಟಿಂಗ್ ಮಾಡುತ್ತದೆ. ಇತ್ತೀಚಿನ ವರ್ಷಗಳಲ್ಲಿ ಕರೆ ಕಳಿಸುವಾಗ ಕ್ಯಾಟ್‌ಗೆ 65, ಈ ರೇಟಿಂಗಿಗೆ 35ರ ತೂಕ. ಐಐಎಂ ಬೆಂಗಳೂರು ಕೂಡ ಮೂರೂ ಹಂತದ ಅಂಕಗಳನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಹಾಗಾಗಿ ಮೂರೂ ಕಡೆ ಅಂಕ ಕಮ್ಮಿ ಇದ್ದವರಿಗೆ ಕ್ಯಾಟ್ ಚೆನ್ನಾಗಿ ಆದರೂ ಈ ಎರಡು ಕಡೆಯಿಂದ ಕರೆ ಬರುವುದು ಕಷ್ಟ. ಎಸ್‌ಎಸ್‌ಎಲ್‌ಸಿ, ಪಿಯುಸಿಯಲ್ಲಿ 85 ದಾಟಿ ಎಂಜಿನಿಯರಿಂಗಿನಲ್ಲಿ ಮಾತ್ರ ಜಾರಿದವರ ಕಥೆ ಬೇರೆ, ಅವರ ನಷ್ಟ ಸೂತ್ರದ ಒಂದು ತುಂಡಿನಲ್ಲಷ್ಟೇ. ಒಳ್ಳೆಯ ಸಲಹೆಗಾರ ಇವರಿಬ್ಬರಿಗೂ ಒಂದೇ ಕಾಲೇಜು ಪಟ್ಟಿ ಕೊಡಬಾರದು. ಪ್ರತಿ ಸಂಸ್ಥೆಯೂ ತನ್ನ ಪ್ರವೇಶ ನೀತಿಯನ್ನು ಜಾಲತಾಣದಲ್ಲಿ ಪ್ರಕಟಿಸುತ್ತದೆ. ಆ ಸೂತ್ರದಲ್ಲಿ ನಿಮ್ಮ ಅಂಕ ಹಾಕಿ ತೋರಿಸಿ ಎಂದು ಕೇಳಿ. ತೋರಿಸಲು ಬಾರದಿದ್ದರೆ ಅಲ್ಲಿಂದ ಎದ್ದು ಬನ್ನಿ.

ದುಡ್ಡು ಕೊಡಲು ಯೋಗ್ಯವಾದದ್ದು ಅಣಕು ಪರೀಕ್ಷೆ. ಅದರಲ್ಲೂ ಪರೀಕ್ಷೆಯ ನಂತರದ ವಿಶ್ಲೇಷಣೆ. ಕ್ಯಾಟ್ ನಡೆಯುವುದು ಸಾಮಾನ್ಯವಾಗಿ ನವೆಂಬರ್ ಕೊನೆಯ ಭಾನುವಾರ, 120 ನಿಮಿಷ, ಮೂರು ವಿಭಾಗ, ತಲಾ 40 ನಿಮಿಷ. ಒಂದು ವಿಭಾಗದಲ್ಲಿ ಉಳಿಸಿದ ಸಮಯವನ್ನು ಇನ್ನೊಂದಕ್ಕೆ ಒಯ್ಯುವಂತಿಲ್ಲ. ಸರಿ ಉತ್ತರಕ್ಕೆ 3, ಬಹು ಆಯ್ಕೆಯ ಪ್ರಶ್ನೆ ತಪ್ಪಾದರೆ 1 ಕಡಿತ. ಉತ್ತರ ಟೈಪ್ ಮಾಡುವ ಪ್ರಶ್ನೆಗೆ ಕಡಿತವಿಲ್ಲ, ಅದನ್ನು ಬಿಡಬಾರದು. ನಾಲ್ಕು ಆಯ್ಕೆಯಲ್ಲಿ ಕಣ್ಣು ಮುಚ್ಚಿ ಒಂದನ್ನು ಒತ್ತಿದರೆ ಸರಾಸರಿ ಲಾಭ ಸೊನ್ನೆ: ನಾಲ್ಕರಲ್ಲಿ ಒಮ್ಮೆ 3 ಬರುತ್ತದೆ, ಮೂರು ಸಲ ಒಂದೊಂದು ಹೋಗುತ್ತದೆ. ಒಂದು ಆಯ್ಕೆಯನ್ನು ಖಚಿತವಾಗಿ ಹೊಡೆದುಹಾಕಿದರೆ ಪ್ರತಿ ಪ್ರಶ್ನೆಗೆ ಸರಾಸರಿ ಮೂರನೇ ಒಂದಂಶ ಅಂಕ ಲಾಭಕ್ಕೆ ತಿರುಗುತ್ತದೆ. ಈ ಲೆಕ್ಕ ಗೊತ್ತಿದ್ದರೆ ಎಲ್ಲಿ ಧೈರ್ಯ ಮಾಡಬೇಕು ಎಂಬುದೂ ಗೊತ್ತಾಗುತ್ತದೆ. ಎಕ್ಸ್‌ಎಟಿಯಲ್ಲಿ ಐದು ಆಯ್ಕೆ, ಕಾಲು ಅಂಕ ಕಡಿತ. ಅಲ್ಲಿ ಎಂಟಕ್ಕಿಂತ ಹೆಚ್ಚು ಪ್ರಶ್ನೆ ಬಿಟ್ಟರೆ ಎಂಟರ ಮೇಲೆ ಬಿಟ್ಟ ಪ್ರತಿಯೊಂದಕ್ಕೂ 0.10 ಹೋಗುತ್ತದೆ. ಒಂದೇ ತಂತ್ರವನ್ನು ಎರಡೂ ಕಡೆ ಹೇಳಿಕೊಡುವ ಸೆಂಟರು ಪತ್ರಿಕೆಯನ್ನೇ ಓದಿಲ್ಲ ಎಂದರ್ಥ.

ವಿಶ್ಲೇಷಣೆ ಹೇಗಿರಬೇಕು? ಪ್ರತಿ ಅಣಕು ಪರೀಕ್ಷೆಯಾದ ಮೇಲೆ ಪ್ರಶ್ನೆಗಳು ಮೂರು ಗುಂಪಾಗಬೇಕು: ಗೊತ್ತಿದ್ದೂ ತಪ್ಪಾದವು, ಗೊತ್ತಿದ್ದೂ ಸಮಯ ಸಿಗದವು, ಮುಟ್ಟಲೇಬಾರದಿತ್ತು ಎನ್ನುವವು. ಡೇಟಾ ಮತ್ತು ತರ್ಕ ವಿಭಾಗದಲ್ಲಿ ಹೆಚ್ಚು ಜನ ಮುಗ್ಗರಿಸುವುದು ಮೂರನೇ ಗುಂಪಿನಿಂದ. ಮೊದಲು ಸಿಕ್ಕ ಸೆಟ್ಟಿಗೇ (ಒಂದೇ ಮಾಹಿತಿಯ ಮೇಲಿನ ಪ್ರಶ್ನೆಗಳ ಗುಂಪು) ಅಂಟಿಕೊಂಡು 15 ನಿಮಿಷ ಕಳೆದುಕೊಳ್ಳುತ್ತಾರೆ. ಎಲ್ಲ ಸೆಟ್‌ಗಳ ಮೇಲೆ ಮೊದಲ ನಾಲ್ಕೈದು ನಿಮಿಷ ಕಣ್ಣಾಡಿಸಿ ಯಾವುದು ಬೇಡ ಎಂದು ತೀರ್ಮಾನಿಸುವ ಅಭ್ಯಾಸವನ್ನು ಯಾರಾದರೂ ಪಕ್ಕದಲ್ಲಿ ಕೂತು ಮಾಡಿಸಬೇಕು. ಬರೀ ಪರ್ಸೆಂಟೈಲಿನ ಗ್ರಾಫು ಕಳಿಸುವ ಸೇವೆಗೆ ಮನೆಯಲ್ಲಿ ಕೂತು ಹಳೆಯ ಪತ್ರಿಕೆ ಬಿಡಿಸುವುದು ಸಮ.

ಪ್ರೊಫೈಲ್ ಬಿಲ್ಡಿಂಗ್ ಸರ್ಟಿಫಿಕೇಟುಗಳು ಈ ಪ್ಯಾಕೇಜಿನ ಅತಿ ದುರ್ಬಲ ಭಾಗ. ಎರಡು ಗಂಟೆಯ ವಿಡಿಯೊ ನೋಡಿ ಸಿಗುವ ‘ಡಿಜಿಟಲ್ ಮಾರ್ಕೆಟಿಂಗ್’ ಕಾಗದಕ್ಕೆ ಯಾವ ಸಂದರ್ಶಕನೂ ಬೆಲೆ ಕೊಡುವುದಿಲ್ಲ. ಕಮ್ಮಿ ಅಂಕ ತೆಗೆದವರ ಬಗ್ಗೆ ಸಂದರ್ಶಕರಿಗಿರುವ ಅನುಮಾನ ಒಂದೇ: ಗಣಿತ, ಅಂಕಿ ಅಂಶದ ಭಾರವನ್ನು ಈತ ಹೊರುತ್ತಾನೆಯೇ? ಅದಕ್ಕೆ ಉತ್ತರವಾಗಬಲ್ಲದ್ದು ಐಐಟಿಗಳ ಆನ್‌ಲೈನ್ ಕೋರ್ಸು ತಾಣ ಎನ್‌ಪಿಟಿಇಎಲ್‌ನ 12 ವಾರದ ಸಂಖ್ಯಾಶಾಸ್ತ್ರ ಅಥವಾ ಲೆಕ್ಕಶಾಸ್ತ್ರದ ಕೋರ್ಸು. ಕಲಿಯಲು ಉಚಿತ, ಪ್ರಮಾಣಪತ್ರ ಬೇಕಿದ್ದರೆ ಶುಲ್ಕ ಕಟ್ಟಿ ಕೇಂದ್ರಕ್ಕೆ ಹೋಗಿ ಮೇಲ್ವಿಚಾರಣೆಯಲ್ಲಿ ಪರೀಕ್ಷೆ ಬರೆಯಬೇಕು. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. ಒಟ್ಟು 75 ದಾಟಿದರೆ ಪ್ರಮಾಣಪತ್ರದಲ್ಲಿ ‘ಎಲೀಟ್’ ದರ್ಜೆಯ ಜೊತೆ ಬೆಳ್ಳಿ, 90 ದಾಟಿದರೆ ಚಿನ್ನ. ಅಂಥ ಎರಡು ಸಾಕು, ಹತ್ತು ಬೇಡ.

ಎಸ್‌ಒಪಿ ಬರೆದುಕೊಡುವುದು ಪಿಜಿಸಿಇಟಿಯವರಿಗೆ ಯಾತಕ್ಕೂ ಬಾರದು, ಅಲ್ಲಿ ಪ್ರಬಂಧವನ್ನೇ ಕೇಳುವುದಿಲ್ಲ. ವಿದೇಶದ ಬಿಸಿನೆಸ್ ಶಾಲೆಗಳಿಗೆ ಬೇಕು. ಅಲ್ಲಿ ಕಮ್ಮಿ ಅಂಕದ ವಿವರಣೆಗೆ ಐಚ್ಛಿಕ ಪ್ರಬಂಧ ಎಂಬ ಜಾಗ ಇರುತ್ತದೆ: ಏನಾಯಿತು ಒಂದೆರಡು ವಾಕ್ಯ, ಆಮೇಲೆ ಏನು ಬದಲಾಯಿತು, ಅದಕ್ಕೆ ಪುರಾವೆ. ಅಷ್ಟೇ. ಪರ್ಸೆಂಟೇಜನ್ನು 25ರಿಂದ ಭಾಗಿಸಿ 4ರ ಜಿಪಿಎ (ಅಮೆರಿಕದಲ್ಲಿ 4ಕ್ಕೆ ಕೊಡುವ ಗ್ರೇಡ್ ಸರಾಸರಿ) ಮಾಡಿಕೊಡುವವರು ಇದ್ದಾರೆ. 55 ಹಾಗೆ 2.2 ಆಗಿಬಿಡುತ್ತದೆ, ಅಂಕವನ್ನು ಬಿಗಿಯಾಗಿ ಕೊಡುವ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಓದಿದವರಿಗೆ ಇದು ಅನ್ಯಾಯ. ಹೆಚ್ಚಿನ ಶಾಲೆಗಳು ಅಂಕಪಟ್ಟಿಯಲ್ಲಿ ಇದ್ದಂತೆಯೇ ತುಂಬಲು ಹೇಳುತ್ತವೆ. ಈ ಶಾಲೆಗಳ ಪ್ರವೇಶಕ್ಕೆ ಬರೆಯುವ ಜಿಮ್ಯಾಟ್ ಪರೀಕ್ಷೆಯ ಅಂಕ 5 ವರ್ಷ ನಡೆಯುತ್ತದೆ. 2 ಗಂಟೆ 15 ನಿಮಿಷದ ಪರೀಕ್ಷೆ, ಎರಡು ಅಧಿಕೃತ ಅಭ್ಯಾಸ ಪರೀಕ್ಷೆಗಳು ಉಚಿತ. ಮನೆಯಿಂದಲೂ ಬರೆಯಬಹುದು. ಆದರೆ ಆಷಾಢದ ಮಳೆಯಲ್ಲಿ ಮೂಡಿಗೆರೆಯ ಮನೆಯಿಂದ ಬರೆಯುವ ಸಾಹಸ ಬೇಡ, ಕರೆಂಟು, ನೆಟ್ಟು ಎರಡನ್ನೂ ನಂಬಿ ಕೂರುವಂತಿಲ್ಲ. ಬೆಂಗಳೂರಿನ ಕೇಂದ್ರವೇ ವಾಸಿ.

ಸಂದರ್ಶನದ ತಾಲೀಮಿಗೆ ದುಡ್ಡು ಕೊಡಬಹುದು, ಎದುರು ಕೂರುವವರು ಯಾರು ಎಂದು ಮೊದಲು ತಿಳಿದುಕೊಂಡು. ‘ಅಂಕ ಯಾಕೆ ಕಮ್ಮಿ?’ ಎಂಬುದಕ್ಕೆ ಅರ್ಧ ನಿಮಿಷದ ಉತ್ತರ ಸಾಕು. ಉಪನ್ಯಾಸಕರನ್ನೋ ಮೌಲ್ಯಮಾಪನವನ್ನೋ ದೂರಿದರೆ ಕೆಲಸ ಕೆಟ್ಟಂತೆ. ಅದರ ಬೆನ್ನಿಗೇ ಪದವಿಯ ವಿಷಯದ ಮೇಲೆ ಪ್ರಶ್ನೆ ಬರುತ್ತದೆ, ಅಂಕ ಕಮ್ಮಿ ಇದ್ದವರಿಗೆ ಇನ್ನೂ ಒತ್ತಿ ಕೇಳುತ್ತಾರೆ. ಎರಡು ಪತ್ರಿಕೆಗಳನ್ನು ಬುಡದಿಂದ ಮತ್ತೆ ಓದಿಕೊಂಡು ಹೋಗಬೇಕು. ಮೂರನೆಯದು ಊರು. ಹಾಸನದವರಿಗೆ ಎಪಿಎಂಸಿಯ ಬಿತ್ತನೆ ಆಲೂಗಡ್ಡೆ ಪಂಜಾಬಿನಿಂದ ಯಾಕೆ ಬರುತ್ತದೆ, ಅಂಗಮಾರಿ ರೋಗ ಬಂದ ವರ್ಷ ಯಾರ ಕೈ ಸುಡುತ್ತದೆ ಎಂದು ಹೇಳಲು ಬರಬೇಕು. ಚಿಕ್ಕಮಗಳೂರಿನವರಿಗೆ 50 ಕೆಜಿ ಮೂಟೆಯ ಕಾಫಿ ದರ ಹೇಗೆ ನಿಗದಿಯಾಗುತ್ತದೆ, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಏನು ಮಾಡುತ್ತದೆ ಎಂಬುದು ಗೊತ್ತಿರಬೇಕು. ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು ಎಂದರೆ ಮುಂದಿನ ಪ್ರಶ್ನೆ ಪ್ರವಾಸೋದ್ಯಮದ ಹಣಕಾಸಿನದ್ದೇ. ಕಮ್ಮಿ ಅಂಕದ ಅಭ್ಯರ್ಥಿ ಮಾತಿನ ಹಿಡಿತ ತನ್ನ ಕಡೆ ತಂದುಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ, ಆದರೆ ತಾಲೀಮಿನಲ್ಲಿ ಇದನ್ನು ಮುಟ್ಟುವವರು ಕಮ್ಮಿ.

ಮ್ಯಾನೇಜ್‌ಮೆಂಟ್ ಕೋಟಾ ಸೀಟನ್ನು ಪ್ಯಾಕೇಜಿನೊಳಗೇ ಸೇರಿಸಿದ್ದರೆ ಒಂದೇ ಪ್ರಶ್ನೆ ಕೇಳಿ: ಈ ಕಾಲೇಜಿನಿಂದ ನಿಮಗೆ ಕಮಿಷನ್ ಬರುತ್ತದೆಯೇ? ಬರುವುದಾದರೆ ಅವರು ಕೊಡುವ ಕಾಲೇಜು ಪಟ್ಟಿಯನ್ನು ಸಲಹೆ ಎಂದು ನೋಡಬಾರದು. ಕಾಲೇಜಿನ ಹೆಸರನ್ನು ಎಐಸಿಟಿಇ ಜಾಲತಾಣದಲ್ಲಿ ಆ ವರ್ಷದ ಮಾನ್ಯತೆಯೊಂದಿಗೆ ಹೊಂದಿಸಿ ನೋಡಿದ ಮೇಲೆಯೇ ಮುಂಗಡ ಕೊಡಿ. ಕೋಚಿಂಗ್ ಶುಲ್ಕದ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಇರುತ್ತದೆ, ಹೇಳಿದ ಮೊತ್ತದಲ್ಲಿ ಅದು ಸೇರಿದೆಯೇ ಎಂದು ಕೇಳಿ. ರಸೀದಿಯಲ್ಲಿ ಪ್ಯಾಕೇಜಿನ ಪ್ರತಿ ಭಾಗದ ಬೆಲೆಯನ್ನು ಬೇರೆ ಬೇರೆ ಬರೆಸಿಕೊಳ್ಳಿ. ಬರೆದುಕೊಟ್ಟರೆ ಅಣಕು ಪರೀಕ್ಷೆ ಮತ್ತು ಸಂದರ್ಶನ ಎರಡನ್ನೇ ಬಿಡಿಯಾಗಿ ಕೊಳ್ಳಲು ದಾರಿಯಾಗುತ್ತದೆ.