ಮೈಸೂರು, ಮಂಡ್ಯ, ಮೇಲುಕೋಟೆ: ನೆಲೆಸುವುದಕ್ಕೆ ಯಾವ ಊರು?

ನಿವೃತ್ತಿಯ ನಂತರ ಎಲ್ಲಿ ನೆಲೆಸಬೇಕೆಂದು ನಮ್ಮ ಸೀಮೆಯಲ್ಲಿ ಯಾರನ್ನು ಕೇಳಿದರೂ ಬಹುತೇಕರು ಎರಡನೆಯ ಯೋಚನೆಯಿಲ್ಲದೆ ಮೈಸೂರು ಎನ್ನುತ್ತಾರೆ. ನಾನೂ ನನ್ನ ಪತ್ನಿಯೂ ಆ ಉತ್ತರವನ್ನು ಹಾಗೆಯೇ ಒಪ್ಪಿಕೊಳ್ಳದೆ, ಮೈಸೂರಿನ ಸರಸ್ವತಿಪುರಂ, ಮಂಡ್ಯ ಪಟ್ಟಣ ಮತ್ತು ಮೇಲುಕೋಟೆ ಈ ಮೂರು ಕಡೆಗಳಲ್ಲೂ ಬಾಡಿಗೆಗೆ ಮನೆ ಹಿಡಿದು, ಅಲ್ಲಲ್ಲಿಯ ಬೇಸಿಗೆಯನ್ನೂ ಮಳೆಗಾಲವನ್ನೂ ಬಾಳಿ ನೋಡಿದೆವು. ಒಂದು ಊರಿನ ಹವೆಯನ್ನು ಮಾಗಿಯ ದಿನಗಳಲ್ಲಿ ಪರೀಕ್ಷಿಸಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಡಿಸೆಂಬರ್ ಮತ್ತು ಜನವರಿಯಲ್ಲಿ ಈ ಮೂರೂ ಊರುಗಳು ಸೊಗಸಾಗಿಯೇ ಇರುತ್ತವೆ. ಅವುಗಳ ನಡುವಣ ಅಂತರ ತಿಳಿಯುವುದು ಏಪ್ರಿಲ್ ತಿಂಗಳ ಸಂಜೆ ಏಳು ಗಂಟೆಯ ಹೊತ್ತಿಗೆ ಮತ್ತು ನಾಲೆಗೆ ನೀರು ಬಿಟ್ಟು ಗದ್ದೆಗಳೆಲ್ಲ ನಾಟಿಯಾದ ಮೇಲೆ.

ಅಂಕಿಗಳನ್ನಷ್ಟೇ ನೋಡಿದರೆ ಮೈಸೂರಿಗೂ ಮಂಡ್ಯಕ್ಕೂ ಹೆಚ್ಚಿನ ಭೇದವಿಲ್ಲ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದ್ದರೆ ಮಂಡ್ಯ ಸುಮಾರು 680 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಮೇಲೇರಿದಾಗ ತಾಪಮಾನ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆಂಬ ಲೆಕ್ಕದಲ್ಲಿ, ಈ ಎತ್ತರದ ವ್ಯತ್ಯಾಸದಿಂದ ಸಿಗುವ ತಂಪು ಅರ್ಧ ಡಿಗ್ರಿಯನ್ನು ಅಷ್ಟಾಗಿ ಮೀರುವುದಿಲ್ಲ. ಎರಡೂ ಊರುಗಳು ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿವೆ. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿದರೆ, ಮೈಸೂರಿಗೆ ಬೀಳುವುದು ಎಂಟುನೂರರ ಆಸುಪಾಸು, ಮಂಡ್ಯಕ್ಕೆ ಅದಕ್ಕಿಂತ ತುಸು ಕಡಿಮೆ. ಆಷಾಢದಲ್ಲಿ ಇಲ್ಲಿ ಗಾಳಿಯೇ ಹೆಚ್ಚು, ಮಳೆ ಬರಿಯ ಜಿಟಿಜಿಟಿ. ನೆಲ ನೆನೆಯುವಂಥ ಮಳೆ ಮೇ ತಿಂಗಳ ಗುಡುಗು ಸಿಡಿಲಿನೊಂದಿಗೆ ಒಮ್ಮೆ, ಅಕ್ಟೋಬರಿನ ಹಸ್ತ ಚಿತ್ತಾ ನಕ್ಷತ್ರಗಳ ಕಾಲದಲ್ಲಿ ಇನ್ನೊಮ್ಮೆ ಬರುತ್ತದೆ. ತಿಂಗಳುಗಟ್ಟಲೆ ಸೂರ್ಯನನ್ನು ಕಾಣದೆ, ಬಟ್ಟೆ ಒಣಗದೆ ಒದ್ದಾಡುವ ಪಾಡು ನಮ್ಮ ಕಡೆ ಇಲ್ಲ. ವಯಸ್ಸಾದವರಿಗೆ ಇದು ಎಷ್ಟು ದೊಡ್ಡ ಅನುಕೂಲವೆಂಬುದನ್ನು ಮಲೆನಾಡಿನ ಮನೆಯ ಕನಸು ಕಾಣುವವರು ಮರೆಯಬಾರದು.

ಹೀಗೆ ಉಷ್ಣಮಾಪಕ ಹೆಚ್ಚುಕಡಿಮೆ ಒಂದೇ ಮಾತನ್ನು ಹೇಳಿದರೂ ಮೈಗೆ ಆಗುವ ಅನುಭವ ಬೇರೆಯಾಗಿತ್ತು. ಅದಕ್ಕೆ ಮುಖ್ಯ ಕಾರಣ ನೀರಾವರಿ. 1911ರಲ್ಲಿ ಕಟ್ಟಲು ಆರಂಭಿಸಿದ ಕನ್ನಂಬಾಡಿ ಅಣೆಕಟ್ಟೆಯ ನೀರು, ಹುಲಿಕೆರೆಯ ಸುರಂಗವನ್ನು ಹಾಯ್ದು ವಿಶ್ವೇಶ್ವರಯ್ಯ ನಾಲೆಯ ಮೂಲಕ ಮಂಡ್ಯದ ಬಯಲಿಗೆ ಹರಿದದ್ದರಿಂದಲೇ ಈ ಸೀಮೆ ಭತ್ತ ಮತ್ತು ಕಬ್ಬಿನ ನಾಡಾಯಿತು. ನೀರುಂಡ ಗದ್ದೆಗಳು ಹಗಲಿನ ಕಾವನ್ನು ಸ್ವಲ್ಪ ತಗ್ಗಿಸುವುದು ನಿಜವಾದರೂ, ಗಾಳಿಯಲ್ಲಿ ತೇವ ಉಳಿಯುವುದರಿಂದ ಬೆವರು ಬೇಗ ಆರುವುದಿಲ್ಲ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಮಳೆಯಿಲ್ಲದ ರಾತ್ರಿಗಳಲ್ಲಿ ನಮಗೆ ಫ್ಯಾನು ಮತ್ತು ಸೊಳ್ಳೆ ಪರದೆ ಎರಡೂ ಬೇಕಾಗುತ್ತಿದ್ದವು. ಕಬ್ಬು ಕಡಿದ ಮೇಲೆ ಹೊಲದಲ್ಲಿ ಒಣಗರಿಗೆ ಬೆಂಕಿ ಹಚ್ಚುವ ದಿನಗಳಲ್ಲಿ ನನ್ನ ಪತ್ನಿಯ ಉಬ್ಬಸ ಹೆಚ್ಚಾಗುತ್ತಿತ್ತು. ಮಂಡ್ಯದ ಹವೆಯ ವಿರುದ್ಧ ನನ್ನಲ್ಲಿರುವ ದೂರು ಇವೆರಡೇ, ಆದರೆ ನಮ್ಮ ಮಟ್ಟಿಗೆ ಎರಡೂ ಸಣ್ಣವಲ್ಲ.

ಜೀವನ ಕ್ರಮದ ವಿಷಯಕ್ಕೆ ಬಂದರೆ ಮಂಡ್ಯವನ್ನು ನಾನು ಮನಸಾರೆ ಹೊಗಳುತ್ತೇನೆ. ನಮ್ಮ ಮನೆಯಿಂದ ರೈಲು ನಿಲ್ದಾಣ, ತರಕಾರಿ ಮಾರುಕಟ್ಟೆ, ಬ್ಯಾಂಕು ಎಲ್ಲವೂ ನಡಿಗೆಯ ದೂರದಲ್ಲಿದ್ದವು. ಬೆಂಗಳೂರಿಗೂ ಮೈಸೂರಿಗೂ ಒಂದೇ ಹಳಿಯ ಮೇಲೆ ರೈಲುಗಳಿರುವುದರಿಂದ ಬೆಳಿಗ್ಗೆ ಹೋಗಿ ಸಂಜೆ ಮರಳುವುದು ಸುಲಭ. 2023ರಲ್ಲಿ ದಶಪಥ ಹೆದ್ದಾರಿ ಊರಿನ ಹೊರಗಿನಿಂದ ಹಾಯ್ದುಹೋದ ಮೇಲೆ ಹಳೆಯ ರಸ್ತೆಯಲ್ಲಿ ದೂರದೂರಿನ ವಾಹನಗಳ ಒತ್ತಡ ಇಳಿಯಿತು. ರಸ್ತೆ ಬದಿಯ ಹೋಟೆಲುಗಳವರ ವ್ಯಾಪಾರಕ್ಕೆ ಅದರಿಂದ ಪೆಟ್ಟು ಬಿದ್ದದ್ದು ಬೇಸರದ ಸಂಗತಿ. ಬಾಡಿಗೆ ಮೈಸೂರಿನ ಹಳೆಯ ಬಡಾವಣೆಗಳಿಗಿಂತ ಗಮನಾರ್ಹವಾಗಿ ಕಡಿಮೆ. ಸೊಪ್ಪು, ಅವರೆಕಾಯಿ, ಹೊಸ ಬೆಲ್ಲ ಇವು ಹಳ್ಳಿಯಿಂದ ಅದೇ ದಿನ ಬರುತ್ತವೆ, ಮತ್ತು ಬಸ್ಸಾರು ಮುದ್ದೆಯ ಊಟಕ್ಕೆ ಇಲ್ಲಿನ ಸೊಪ್ಪಿನ ರುಚಿ ಬೇರೆಲ್ಲೂ ಸಿಗದು. ಎಲ್ಲಕ್ಕಿಂತ ಮಿಗಿಲಾದುದು ಜನರ ಒಡನಾಟ. ಮನೆ ಹಿಡಿದ ವಾರದೊಳಗೆ ಎದುರು ಮನೆಯ ಹಿರಿಯರು "ಯಾವೂರ್ ಕಡೆಯೋರು ಸಾಮಿ, ಊಟ ಆಯ್ತಾ?" ಎಂದು ವಿಚಾರಿಸಿದವರು, ಜ್ವರ ಬಂದಾಗ ಕೇಳದೆಯೇ ಗಂಜಿ ಕಳುಹಿಸಿದರು. ಸಾಹಿತ್ಯದ ಚಟುವಟಿಕೆಗೂ ಬಡತನವಿಲ್ಲ. 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ 2024ರ ಡಿಸೆಂಬರಿನಲ್ಲಿ ನಡೆದದ್ದು ಈ ಊರಿನಲ್ಲಿಯೇ. ಆದರೆ ಬೆಳಗಿನ ನಡಿಗೆಗೆ ನೆರಳಿರುವ, ವಾಹನಗಳಿಲ್ಲದ ಜಾಗವನ್ನು ನಾವು ಬಹಳ ಹುಡುಕಬೇಕಾಯಿತು.

ಮೇಲುಕೋಟೆಯ ಬಗ್ಗೆ ಸಂಕ್ಷೇಪವಾಗಿ ಹೇಳಿದರೆ ಸಾಕು. ಬೆಟ್ಟದ ಮೇಲಿನ ಊರಾದ್ದರಿಂದ ಮೂರರಲ್ಲಿ ಅತ್ಯಂತ ತಂಪಾದ ರಾತ್ರಿಗಳು ಅಲ್ಲಿನವು, ಮತ್ತು ಕಲ್ಯಾಣಿಯ ಮೆಟ್ಟಿಲುಗಳ ಮೇಲೆ ಕುಳಿತು ಕಳೆದ ಬೆಳಗುಗಳಿಗೆ ಸಮನಾದುದನ್ನು ನಾನು ಮೈಸೂರಿನಲ್ಲೂ ಕಾಣಲಿಲ್ಲ. ಆದರೆ ಹಗಲಿನಲ್ಲಿ ಕಾದ ಬಂಡೆಗಳ ಝಳ ಸಂಜೆಯವರೆಗೂ ಇಳಿಯುವುದಿಲ್ಲ, ಕೋತಿಗಳ ಕಾಟದಿಂದ ತಾರಸಿಯ ಮೇಲೆ ಒಂದು ಹಪ್ಪಳವನ್ನೂ ಒಣಗಿಸುವಂತಿಲ್ಲ, ವೈರಮುಡಿ ಉತ್ಸವದ ಕಾಲದಲ್ಲಿ ಬೀದಿಗೆ ಕಾಲಿಡುವುದೇ ಕಷ್ಟ. ರಾತ್ರಿ ಉಬ್ಬಸ ಹೆಚ್ಚಾದರೆ ತಜ್ಞ ವೈದ್ಯರಿರುವ ದೊಡ್ಡ ಆಸ್ಪತ್ರೆಗಾಗಿ ಮಂಡ್ಯಕ್ಕೋ ಮೈಸೂರಿಗೋ ಹೋಗಬೇಕೆಂಬ ಕಾರಣಕ್ಕೆ ಆ ಊರನ್ನು ನಾವು ಪಟ್ಟಿಯಿಂದ ಬಿಟ್ಟೆವು.

ಇನ್ನು ಮೈಸೂರು. ಈ ನಗರದ ಹಿರಿಮೆಯನ್ನು ಅರಮನೆಯಲ್ಲಿ ಹುಡುಕುವುದಕ್ಕಿಂತ ಬಡಾವಣೆಗಳ ವಿನ್ಯಾಸದಲ್ಲಿ ಹುಡುಕಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗ್ ಹಬ್ಬಿದ ಅನುಭವದಿಂದ ಎಚ್ಚೆತ್ತು, 1903ರಲ್ಲಿ ರಚಿಸಿದ ನಗರ ಸುಧಾರಣಾ ಮಂಡಳಿಯು ಗಾಳಿ ಬೆಳಕಿಗೆ ಆದ್ಯತೆ ಕೊಟ್ಟು ಊರನ್ನು ವಿಸ್ತರಿಸಿತು. ಅಗಲವಾದ ರಸ್ತೆ, ಮನೆಗಳ ಹಿಂಬದಿಯ ಕನ್ಸರ್ವೆನ್ಸಿ ಗಲ್ಲಿ (ಕಸ, ಕೊಳಚೆ ಸಾಗಿಸುವ ಓಣಿ), ಪ್ರತಿ ಬಡಾವಣೆಗೊಂದು ಉದ್ಯಾನ, ರಸ್ತೆ ಬದಿಯ ಸಾಲುಮರ ಇವು ಆ ದೃಷ್ಟಿಯ ಫಲ. ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಒಂಟಿಕೊಪ್ಪಲು ಮುಂತಾದ ಹಳೆಯ ಭಾಗಗಳಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಮೂವತ್ತೈದು ಡಿಗ್ರಿಯಿದ್ದರೂ ಸೂರ್ಯ ಮುಳುಗಿದ ಮೇಲೆ ತಂಗಾಳಿ ಬೀಸುತ್ತದೆ, ಮತ್ತು ಕಿಟಕಿ ತೆರೆದು ಮಲಗಿದರೆ ನಡುರಾತ್ರಿಯ ಹೊತ್ತಿಗೆ ಫ್ಯಾನಿನ ವೇಗವನ್ನು ತಗ್ಗಿಸಬೇಕಾಗುತ್ತದೆ. ಇದೇ ನಗರದ ವರ್ತುಲ ರಸ್ತೆಯಾಚೆಯ ಹೊಸ ಬಡಾವಣೆಯೊಂದರಲ್ಲಿ ಪರಿಚಿತರ ಮನೆಯಲ್ಲಿ ತಂಗಿದಾಗ ನಮಗೆ ಸಿಕ್ಕಿದ್ದು ಮರವಿಲ್ಲದ ರಸ್ತೆ ಮತ್ತು ರಾತ್ರಿ ಹತ್ತಾದರೂ ಬಿಸಿ ಉಗುಳುವ ತಾರಸಿ. ಆದ್ದರಿಂದ ಮೈಸೂರೋ ಮಂಡ್ಯವೋ ಎಂದು ಕೇಳುವವರಿಗೆ, ಮೈಸೂರಿನಲ್ಲಿ ಎಲ್ಲಿ ಎಂದು ನಾನು ಮರುಪ್ರಶ್ನೆ ಹಾಕುತ್ತೇನೆ.

ಸರಸ್ವತಿಪುರಂನಿಂದ ಕುಕ್ಕರಹಳ್ಳಿ ಕೆರೆಗೆ ನಡೆದೇ ಹೋಗಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಈ ಕೆರೆ ಇಂದು ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಮಗ್ಗುಲಲ್ಲಿದ್ದು, ಅದರ ಏರಿಯ ಮೇಲಿನ ನೆರಳಿನ ಹಾದಿಯಲ್ಲಿ ವಾಹನಗಳ ಭಯವಿಲ್ಲದೆ ನಡೆಯಬಹುದು. ಪ್ರತಿದಿನ ಅಲ್ಲಿ ನಡೆಯತೊಡಗಿದ ಮೇಲೆ ನನ್ನ ಪತ್ನಿಯ ಉಸಿರಾಟದಲ್ಲಿ ಸುಧಾರಣೆ ಕಂಡಿತು. ಹೊಗೆಯಿಲ್ಲದ ಗಾಳಿಯೇ ಅದಕ್ಕೆ ಕಾರಣವೆಂದು ನಾವು ನಂಬಿದ್ದೇವೆ. ಸಂಜೆಗೆ ರಂಗಾಯಣದ ನಾಟಕವಿದೆ, ಗಣೇಶನ ಹಬ್ಬ ಬಂತೆಂದರೆ ಒಂಟಿಕೊಪ್ಪಲಿನ ಎಂಟನೇ ಕ್ರಾಸಿನಲ್ಲಿ ಹೆಸರಾಂತ ವಿದ್ವಾಂಸರ ಕಛೇರಿಗಳಿವೆ. ತೊಂದರೆಗಳೂ ಇವೆ. ದಸರೆಯ ದಿನಗಳಲ್ಲಿ ದೇವರಾಜ ಮಾರುಕಟ್ಟೆಯ ಕಡೆಗೆ ಹೋಗುವ ಯೋಚನೆಯನ್ನೇ ಬಿಡಬೇಕು. ನೆರೆಹೊರೆಯವರು ಸೌಜನ್ಯವಂತರು, ಆದರೆ ಮಂಡ್ಯದವರಂತೆ ಅಡುಗೆಮನೆಯವರೆಗೆ ಬರುವವರಲ್ಲ. ಆ ಕೊರತೆ ನಮಗೆ ಇಂದಿಗೂ ಕಾಡುತ್ತದೆ.

ಇಷ್ಟನ್ನೆಲ್ಲ ತೂಗಿ ನಾವು ಆರಿಸಿಕೊಂಡಿರುವುದು ಕುಕ್ಕರಹಳ್ಳಿ ಕೆರೆಗೆ ನಡಿಗೆಯ ದೂರದಲ್ಲಿರುವ ಹಳೆಯ ಮೈಸೂರನ್ನು. ಉಸಿರಾಟದ ತೊಂದರೆಯಿಲ್ಲದ, ಬೆಂಗಳೂರಿನಲ್ಲಿ ಉದ್ಯೋಗವಿರುವ ಅಥವಾ ಹಳ್ಳಿಯಲ್ಲಿ ಜಮೀನಿರುವ ಕುಟುಂಬಕ್ಕಾದರೆ ನಾನು ಹಿಂಜರಿಯದೆ ಮಂಡ್ಯವನ್ನೇ ಸೂಚಿಸುತ್ತೇನೆ. ವರ್ತುಲ ರಸ್ತೆಯಾಚೆ ಸಿಗುವ ದೊಡ್ಡ ಹೊಸ ಮನೆಯ ಬೆಲೆಗೆ ಮೈಸೂರಿನ ಈ ಹಳೆಯ ಭಾಗದಲ್ಲಿ ಎರಡು ಕೋಣೆಯ ಹಳೆಯ ಮನೆ ಸಿಕ್ಕರೂ ಅದೃಷ್ಟವೇ. ನೋಡಿದ ಮನೆಗಳನ್ನೆಲ್ಲ ಮಧ್ಯಾಹ್ನ ಮೂರು ಗಂಟೆಗೆ ಹೋಗಿ, ಪಶ್ಚಿಮದ ಗೋಡೆಯನ್ನು ಮುಟ್ಟಿ ನೋಡಿ, ಕಾವೇರಿ ನೀರು ಯಾವ ದಿನ ಎಷ್ಟು ಹೊತ್ತು ಬರುತ್ತದೆಂದು ಅಕ್ಕಪಕ್ಕದವರಲ್ಲಿ ವಿಚಾರಿಸುತ್ತಿದ್ದೇವೆ. ಮನಸ್ಸಿಗೊಪ್ಪುವ ಮನೆ ಸಿಗುವವರೆಗೆ ಸರಸ್ವತಿಪುರಂನಲ್ಲಿಯೇ ಭೋಗ್ಯಕ್ಕೆ ಇರುವುದೆಂದು ತೀರ್ಮಾನಿಸಿದ್ದೇವೆ.