ಎಟನರ್ಸೆಪ್ಟ್ ಇಂಜೆಕ್ಷನ್: ಆರು ಮಳೆಗಾಲ ಕಳೆದ ಮೇಲೆ

ಶಿರಸಿ ಪೇಟೆಯಿಂದ ಹತ್ತು ಕಿಲೋಮೀಟರ್ ಒಳಗೆ ನಮ್ಮ ತೋಟ. ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಅಂಥ ಊರಲ್ಲಿ ಕೂತು, 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕಾದ ಇಂಜೆಕ್ಷನ್ನನ್ನು ಆರು ವರ್ಷದಿಂದ ಚುಚ್ಚಿಕೊಳ್ಳುತ್ತಿದ್ದೇನೆ. ಔಷಧದ ಮೇಲೆ ನನ್ನ ತಕರಾರು ಕಡಿಮೆ. ಫ್ರಿಜ್ ಮೇಲೆಯೇ ಜಾಸ್ತಿ.

ನನಗಿರುವುದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಬೆನ್ನುಮೂಳೆಯ ವಾತ ಅನ್ನಿ. 29ನೇ ವಯಸ್ಸಿಗೇ ಬೆಳಿಗ್ಗೆ ಎದ್ದರೆ ಒಂದೂವರೆ ತಾಸು ಬೆನ್ನು ಬಗ್ಗುತ್ತಿರಲಿಲ್ಲ. ಉದುರಿದ ಅಡಿಕೆ ಹೆಕ್ಕುವುದಿರಲಿ, ಚಪ್ಪಲಿ ಮೆಟ್ಟಲೂ ಗೋಡೆ ಹಿಡಿಯಬೇಕಿತ್ತು. ಎಣ್ಣೆ, ಕಷಾಯ, ನೋವಿನ ಮಾತ್ರೆ ಎಲ್ಲ ಮುಗಿದ ಮೇಲೆ ಹುಬ್ಬಳ್ಳಿಯ ಡಾಕ್ಟರು ಇದನ್ನು ಬರೆದುಕೊಟ್ಟರು.

ಮೈಯಲ್ಲಿ ಉರಿಯೂತ ಎಬ್ಬಿಸುವ ಟಿಎನ್‌ಎಫ್ ಎಂಬ ಪ್ರೋಟೀನ್ ಇದೆ. ಅದು ಜೀವಕೋಶದ ಮೇಲಿರುವ ರಿಸೆಪ್ಟರಿಗೆ, ಅಂದರೆ ಅದನ್ನು ಹಿಡಿಯುವ ಕೊಂಡಿಗೆ, ಅಂಟಿಕೊಂಡರೆ ಒಳಗೆ ಗಲಾಟೆ ಶುರು. ಎಟನರ್ಸೆಪ್ಟ್ ಎಂದರೆ ಮನುಷ್ಯರ ಆ ರಿಸೆಪ್ಟರಿನ ಹೊರಭಾಗವೇ. ಅಂಥ ಎರಡನ್ನು ಆಂಟಿಬಾಡಿಯ ಬಾಲಕ್ಕೆ ಸೇರಿಸಿ ಮಾಡಿದ್ದು. ರಕ್ತದಲ್ಲಿ ತಿರುಗಾಡುತ್ತಾ ಟಿಎನ್‌ಎಫ್ ಕೋಶಕ್ಕೆ ತಲುಪುವ ಮೊದಲೇ ಹಿಡಿದುಕೊಳ್ಳುತ್ತದೆ. ಬಂದ ನೆಂಟನನ್ನು ಜಗಲಿಯಲ್ಲೇ ಕೂರಿಸಿ, ಕವಳ ಕೊಟ್ಟು, ಮಾತಿಗೆ ಹಿಡಿದ ಹಾಗೆ. ಒಳಗೆ ಹೋಗಲು ಬಿಡುವುದೇ ಇಲ್ಲ. ಅಮೆರಿಕದಲ್ಲಿ 1998ರಲ್ಲೇ ಇದಕ್ಕೆ ಒಪ್ಪಿಗೆ ಸಿಕ್ಕಿತ್ತು. ತಯಾರಾಗುವುದು ಹ್ಯಾಮ್‌ಸ್ಟರ್ ಅಂಡಾಶಯದಿಂದ ಬೆಳೆಸಿದ ಕೋಶಗಳಲ್ಲಿ. ಹ್ಯಾಮ್‌ಸ್ಟರ್ ಇಲಿಯ ಜಾತಿ ಎಂದು ಆಯಿಗೆ ಇನ್ನೂ ಹೇಳಿಲ್ಲ.

ಶುರು ಮಾಡುವ ಮೊದಲು ಟಿಬಿ, ಹೆಪಟೈಟಿಸ್ ಪರೀಕ್ಷೆ ಆಗಲೇಬೇಕು. ಟಿಎನ್‌ಎಫ್ ತಡೆದರೆ ಮೈಯಲ್ಲಿ ಮಲಗಿರುವ ಟಿಬಿ ಏಳಬಹುದಂತೆ. ಟಿಬಿ ಇದೆಯೇ ಎಂದು ಚರ್ಮಕ್ಕೆ ಚುಚ್ಚಿ ನೋಡುವ ಮಾಂಟೂ ಪರೀಕ್ಷೆಯಲ್ಲಿ ನನ್ನ ಕೈಯಲ್ಲಿ ಗುಳ್ಳೆ ಚೆನ್ನಾಗಿಯೇ ಎದ್ದಿತು. ಹಾಗಾಗಿ ಮೊದಲು ಒಂದು ತಿಂಗಳು ಟಿಬಿ ಮಾತ್ರೆ ನುಂಗಿಸಿ, ಆಮೇಲೆ ಇದಕ್ಕೆ ಕೈಹಾಕಿದರು.

ಮೊದಲು ಸಿಕ್ಕಿದ್ದು 25 ಮಿಲಿಗ್ರಾಂ ಪುಡಿಯ ಬಾಟಲಿ. ವಾರಕ್ಕೆ ಎರಡು ಸಲ. ನೀರನ್ನು ಬಾಟಲಿಯ ಗೋಡೆಗುಂಟ ನಿಧಾನ ಇಳಿಸಬೇಕು. ಆಮೇಲೆ ಮೆಲ್ಲಗೆ ಸುತ್ತು ತಿರುಗಿಸಬೇಕು, ಕುಲುಕಬಾರದು. ಮೊದಲ ಸಲ ಟಾನಿಕ್ ಬಾಟಲಿಯಂತೆ ಕುಲುಕಿಬಿಟ್ಟೆ. ಕಡೆದ ಮಜ್ಜಿಗೆಯ ಹಾಗೆ ನೊರೆಯೋ ನೊರೆ! ಅದು ಹಾಳಾಯಿತು. ಈಗ ತುಂಬಿಸಿಯೇ ಬರುವ 50 ಮಿಲಿಗ್ರಾಂ ಸಿರಿಂಜ್, ವಾರಕ್ಕೊಂದು. ಫ್ರಿಜ್ಜಿಂದ ತೆಗೆದು ಅರ್ಧ ತಾಸು ಹೊರಗಿಟ್ಟು ಚುಚ್ಚಿಕೊಂಡರೆ ಉರಿ ಕಡಿಮೆ. ತೊಡೆ, ಹೊಟ್ಟೆ, ಜಾಗ ಬದಲಿಸುತ್ತಿರಬೇಕು. ಮೊದಲೆರಡು ತಿಂಗಳು ಚುಚ್ಚಿದ ಜಾಗ ಕೆಂಪಾಗಿ ತುರಿಸುತ್ತಿತ್ತು. ತಾನಾಗೇ ನಿಂತಿತು.

ಮೂರನೇ ವಾರ ಒಂದು ಬೆಳಿಗ್ಗೆ ಸುಮ್ನೆ ಎದ್ದು ಬಚ್ಚಲಿಗೆ ಹೋದೆ. ಹೋಗಿ ನಿಂತ ಮೇಲೆ ನೆನಪಾಯಿತು, ಗೋಡೆ ಹಿಡಿದೇ ಇಲ್ಲ ಅಂತ.

ಹಾಗೆಂದು ಕಾಯಿಲೆ ಹೋಗಿಲ್ಲ. ಒಮ್ಮೆ ಜ್ವರ ಬಂದಾಗ ಡಾಕ್ಟರು ನಿಲ್ಲಿಸಲು ಹೇಳಿದ್ದರು. ಎರಡು ಡೋಸ್ ತಪ್ಪಿದ್ದಕ್ಕೇ ಬೆನ್ನು ಮತ್ತೆ ಹಲಗೆಯಾಯಿತು. ಈ ಕಾಯಿಲೆಯಲ್ಲಿ ಕಣ್ಣು ಕೆಂಪಾಗಿ ನೋಯುವುದೂ ಉಂಟು. ಅದನ್ನು ತಡೆಯುವುದರಲ್ಲಿ ಇದು ಟಿಎನ್‌ಎಫ್ ತಡೆಯುವ ಇನ್ನೊಂದು ಇಂಜೆಕ್ಷನ್ ಅಡಲಿಮುಮಾಬ್‌ನಷ್ಟು ಗಟ್ಟಿ ಅಲ್ಲ. ನನಗೆ ಒಂದು ಸಲ ಆಗಿದೆ.

ದುಡ್ಡಿನ ಮಾತು ಬೇಡ ಅಂದರೂ ಬರುತ್ತದೆ. ಭಾರತದ ಕಂಪನಿಗಳ ಬಯೋಸಿಮಿಲರ್, ಅಂದರೆ ಮೂಲ ಔಷಧದ ಹಾಗೆಯೇ ಮಾಡಿದ್ದು, ಬಂದ ಮೇಲೆ ಉಸಿರಾಡುವಂತಾಯಿತು, ಅಷ್ಟೆ. ಆದರೂ ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಿದ ದುಡ್ಡಿನಲ್ಲಿ ಇದಕ್ಕೊಂದು ಪಾಲು ತೆಗೆದಿಡಲೇಬೇಕು. ಮನೆಯಲ್ಲೇ ಚುಚ್ಚಿಕೊಳ್ಳುತ್ತೀರಲ್ಲ ಎಂದು ವಿಮೆಯವರು ಕೈಯೆತ್ತಿದರು.

ಇನ್ನು ಫ್ರಿಜ್. ಒಂದು ಸಲ ಔಷಧದಂಗಡಿಯವರು ಬಸ್ಸಿಗೆ ಹಾಕಿ ಕಳಿಸಿದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಜೆಲ್ ಪ್ಯಾಕ್ ಬಿಸಿನೀರಿನ ಚೀಲದಂತಿತ್ತು. ವಾಪಸ್ ಕಳಿಸಿದೆ. ಇನ್ನೊಂದು ಸಲ ತಪ್ಪು ನನ್ನದೇ. ತಂಪು ಜಾಸ್ತಿ ಇರಲಿ ಎಂದು ಸಿರಿಂಜನ್ನು ಫ್ರೀಜರ್ ಪಕ್ಕ ತಳ್ಳಿಟ್ಟೆ, ಹೆಪ್ಪುಗಟ್ಟಿತು. ಹೆಪ್ಪುಗಟ್ಟಿದ್ದನ್ನು ಕರಗಿಸಿ ಚುಚ್ಚಿಕೊಳ್ಳುವ ಹಾಗಿಲ್ಲ. ಈಗ ನಡುವಿನ ಹಲಗೆಯಲ್ಲಿ, ಪಕ್ಕಕ್ಕೊಂದು ಥರ್ಮಾಮೀಟರ್ ಇಟ್ಟಿದ್ದೇನೆ. ಕರೆಂಟ್ ಹೋದರೆ ಆಯಿಯ ಕೂಗು: "ತಮಾ, ಫ್ರಿಜ್ ಬಾಗ್ಲು ತೆಗಿಯಡ!"

ಈ ವರ್ಷ ಫ್ರಿಜ್ಜಿಗೆಂದೇ ಇನ್ವರ್ಟರ್ ಹಾಕಿಸಿದೆ. ಟಿವಿಗೂ ಒಂದು ಲೈನ್ ಎಳೆಸು ಅಂತ ಅಪ್ಪಯ್ಯ ಕೇಳುತ್ತಲೇ ಇದ್ದಾರೆ. ಇನ್ನೂ ಎಳೆಸಿಲ್ಲ.