ವರ್ಷಕ್ಕೊಂದು ಪುಕ್ಕಟೆ ಕ್ರೆಡಿಟ್ ರಿಪೋರ್ಟ್: ನಾಲ್ಕೂ ಕಡೆ ತೆಗೆದು ನೋಡಿದೆ

ಸೈಟ್ ಕೊಳ್ಳೋಣ ಅಂತ ಸಾಲ ಕೇಳಲು ಬ್ಯಾಂಕಿಗೆ ಹೋದರೆ ಮ್ಯಾನೇಜರ್ ಕಂಪ್ಯೂಟರ್ ನೋಡಿ, "ಸರ್, ನಿಮ್ಮ ಸಿಬಿಲ್ ಸ್ವಲ್ಪ ಕಡಿಮೆ ಇದೆಯಲ್ಲ" ಅಂದರು. 688. ಸಿಬಿಲ್ ಅಂದರೆ ನಾವು ಸಾಲ ಸರಿಯಾಗಿ ತೀರಿಸುತ್ತೇವಾ ಅಂತ ಬ್ಯಾಂಕಿನವರು ನೋಡುವ ಅಂಕ. ನಾನು ಕಂತು ತಪ್ಪಿಸಿದವನಲ್ಲ, ಹಾಲಿನವರ ಲೆಕ್ಕವನ್ನೂ ಒಂದನೇ ತಾರೀಕೇ ಚುಕ್ತಾ ಮಾಡುವ ಜಾತಿ. ಯಾಕೆ ಕಡಿಮೆ ಅಂತ ಕೇಳಿದರೆ ಅವರಿಗೆ ಪುರುಸೊತ್ತಿಲ್ಲ. "ನೀವೇ ರಿಪೋರ್ಟ್ ತೆಗೆದು ನೋಡಿ ಸರ್, ಫ್ರೀ ಇದೆ" ಅಂದುಬಿಟ್ಟರು.

ಫ್ರೀ ಅನ್ನೋದು ನಿಜ. 2017ರ ಜನವರಿಯಿಂದ ಆರ್‌ಬಿಐ ನಿಯಮವೇ ಇದೆ, ನಮ್ಮ ಸಾಲಗಳ ಲೆಕ್ಕ ಬರೆದಿಡುವ ಪ್ರತಿ ಕ್ರೆಡಿಟ್ ಕಂಪನಿಯೂ ವರ್ಷಕ್ಕೊಮ್ಮೆ ನಮಗೆ ಪೂರ್ತಿ ರಿಪೋರ್ಟನ್ನು ಸ್ಕೋರ್ ಸಮೇತ ಪುಕ್ಕಟೆ ಕೊಡಬೇಕು. ಇಂಥ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ನಮ್ಮಲ್ಲಿ ಎಲ್ಲಕ್ಕೂ ಸಿಬಿಲ್ ಅನ್ನೋದೇ ರೂಢಿ, ಯಾವ ಮಷಿನ್ ಆದರೂ ಜೆರಾಕ್ಸ್ ಅಂದ ಹಾಗೆ. ಆದ್ದರಿಂದ ಹೆಚ್ಚಿನವರು ಒಂದನ್ನು ನೋಡಿ ಸುಮ್ಮನಾಗುತ್ತಾರೆ. ನಾನು ಒಂದು ಭಾನುವಾರ ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ನಾಲ್ಕನ್ನೂ ತೆಗೆದೆ. ಒಳ್ಳೆಯದೇ ಆಯ್ತು.

ತೆಗೆಯೋದು ಕಷ್ಟವಿಲ್ಲ. ಪ್ಯಾನ್ ನಂಬರ್, ಹುಟ್ಟಿದ ದಿನಾಂಕ, ಮೊಬೈಲ್, ಓಟಿಪಿ. ಒಂದು ಕಡೆ ಮಾತ್ರ ಹಳೇ ಸಾಲದ ಬಗ್ಗೆ ಪ್ರಶ್ನೆ ಕೇಳಿ ಪರೀಕ್ಷೆ ಮಾಡಿದರು, ಉತ್ತರ ನೆನಪಿಲ್ಲದೆ ಮೊದಲ ಸಲ ಫೇಲಾದೆ. ಇನ್ನೊಂದು ಕಡೆ ಪುಕ್ಕಟೆ ಅನ್ನುವ ಲಿಂಕ್ ಹುಡುಕುವುದೇ ಒಂದು ಕೆಲಸ. ತಿಂಗಳ ಪ್ಲಾನ್, ವರ್ಷದ ಪ್ಲಾನ್ ಅಂತ ಹಣ ಕೇಳುವ ಬಟನ್‌ಗಳು ದೊಡ್ಡದಾಗಿ ಹೊಳೆಯುತ್ತವೆ, ನಮಗೆ ಬೇಕಾದ್ದು ಕೆಳಗೆ ಎಲ್ಲೋ ಸಣ್ಣ ಅಕ್ಷರದಲ್ಲಿ. ಆತುರಪಟ್ಟು ಕಾರ್ಡ್ ನಂಬರ್ ಹಾಕಬೇಡಿ. ವರ್ಷಕ್ಕೊಂದು ರಿಪೋರ್ಟಿಗೆ ಒಂದು ಪೈಸೆಯೂ ಕೊಡಬೇಕಿಲ್ಲ.

ಈಗ ನನ್ನ 688ರ ಕಥೆ. 2022ರ ದೀಪಾವಳಿಗೆ ಫ್ರಿಜ್ ತಂದಿದ್ದೆವು, ಅಂಗಡಿಯಲ್ಲೇ ಒಂದು ಫೈನಾನ್ಸ್ ಕಂಪನಿಯವರು ಕೂತಿದ್ದರು, ಹತ್ತು ಕಂತು. ಕೊನೇ ಕಂತಿನ ಹೊತ್ತಿಗೆ ಖಾತೆಯಲ್ಲಿ ದುಡ್ಡು ಇಲ್ಲದೆ ಬೌನ್ಸ್ ಆಯ್ತು ಅಂತ ಮೆಸೇಜ್ ಬಂತು, ಮಾರನೇ ದಿನವೇ ಅವರ ಆಫೀಸಿಗೆ ಹೋಗಿ ನಗದು ಕಟ್ಟಿ ರಸೀದಿ ತಂದೆ. ಅಲ್ಲಿಗೆ ಮುಗೀತು ಅಂದುಕೊಂಡಿದ್ದೆ. ರಿಪೋರ್ಟಿನಲ್ಲಿ ಪ್ರತಿ ಸಾಲದ ಕೆಳಗೂ ತಿಂಗಳ ಲೆಕ್ಕದಲ್ಲಿ ಚೌಕ ಚೌಕ ಇರುತ್ತವೆ, ಕಂತು ಕಟ್ಟೋದು ಎಷ್ಟು ದಿನ ತಡವಾಗಿದೆ ಅಂತ ಅದರಲ್ಲಿ ಬರೆದಿರುತ್ತದೆ. 000, 000, 000 ಅಂತ ಒಂಬತ್ತು ತಿಂಗಳು ಚೆಂದವಾಗಿ ಸಾಗಿ, ಆಮೇಲೆ 030, 061, 091, ಹೀಗೆ ಮೀಟರ್ ಹಾಕಿದ ಆಟೋ ಥರ ಏರುತ್ತಾ ಹೋಗಿದೆ. ಬಾಕಿ ಎಷ್ಟು ಗೊತ್ತಾ? 354 ರೂಪಾಯಿ. ಬೌನ್ಸ್ ಚಾರ್ಜ್ 300, ಅದಕ್ಕೆ ಜಿಎಸ್‌ಟಿ. ಕಟ್ಟುವಾಗ ಕೌಂಟರಿನಲ್ಲಿ ಯಾರೂ ಕೇಳಲಿಲ್ಲ, ಆಮೇಲೆ ಫೋನೂ ಮಾಡಲಿಲ್ಲ. ಮೂರು ಹೊತ್ತು ಹೋಟೆಲ್ ಊಟದ ದುಡ್ಡಿಗೆ ನನ್ನ ಸೈಟ್ ಸಾಲ ನಿಂತಿತ್ತು.

ತಮಾಷೆ ಇರೋದು ಇಲ್ಲೇ. ಎರಡು ಕಂಪನಿಯ ರಿಪೋರ್ಟಿನಲ್ಲಿ ಈ ಬಾಕಿ ಇದೆ, ಮೂರನೆಯದರಲ್ಲಿ ಸಾಲ ಮುಗಿದಿದೆ ಅಂತಿದೆ, ನಾಲ್ಕನೆಯದರಲ್ಲಿ ಫ್ರಿಜ್ಜೇ ಇಲ್ಲ! ಯಾವುದರಲ್ಲಿ ಯಾವುದು ಅಂತ ಹೇಳಲ್ಲ, ಯಾಕಂದ್ರೆ ಸಾಲ ಕೊಟ್ಟವರು ಏನು ಕಳಿಸುತ್ತಾರೋ ಅದನ್ನೇ ಇವರು ಬರೆದಿಡೋದು, ತಾವಾಗಿ ತಿದ್ದುವ ಹಾಗಿಲ್ಲ. ಅದಕ್ಕೇ ನಾಲ್ಕನ್ನೂ ನೋಡಿ ಅಂತ ಹೇಳ್ತಿರೋದು. ನಾನು ಒಂದನ್ನು ಮಾತ್ರ ತೆಗೆದು, ಅದು ಆ ಮೂರನೆಯದೇ ಆಗಿದ್ದಿದ್ದರೆ ಇವತ್ತಿಗೂ ತಲೆ ಕೆರೆದುಕೊಂಡು ಕೂತಿರುತ್ತಿದ್ದೆ.

ತಕರಾರು ಹಾಕೋದಕ್ಕೂ ದುಡ್ಡಿಲ್ಲ. ಬಾಕಿ ಇದ್ದ ಎರಡೂ ಕಡೆ ವೆಬ್‌ಸೈಟಿನಲ್ಲೇ ಹಾಕಿದೆ, ರಸೀದಿ ಫೋಟೊವನ್ನು ಫೈನಾನ್ಸ್ ಕಂಪನಿಗೂ ಮೇಲ್ ಮಾಡಿದೆ. ದೂರು ಕೊಟ್ಟ 30 ದಿನದೊಳಗೆ ಬಗೆಹರಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ 2024ರ ಏಪ್ರಿಲ್‌ನಿಂದ ನಿಯಮ ಬಂದಿದೆ, ಆ ಮಾತನ್ನು ಮೇಲ್‌ನಲ್ಲಿ ಸೇರಿಸಿದ್ದಕ್ಕೋ ಏನೋ, ಎರಡನೇ ವಾರ ಫೈನಾನ್ಸ್ ಕಂಪನಿಯವರೇ ಫೋನ್ ಮಾಡಿ ಚಾರ್ಜ್ ಮನ್ನಾ ಅಂದರು. ಒಂದು ಕಡೆ 17 ದಿನಕ್ಕೆ ಸರಿಹೋಯಿತು, ಇನ್ನೊಂದು ಕಡೆ 26. ಐದು ದಿನ ಹೆಚ್ಚು ಎಳೆದಿದ್ದರೆ ನನಗೂ ನೂರರ ಲೆಕ್ಕ ಶುರುವಾಗುತ್ತಿತ್ತು, ಸ್ವಲ್ಪ ಬೇಜಾರೇ ಆಯ್ತು ಅನ್ನಿ. ಅಷ್ಟಕ್ಕೂ ಜಗ್ಗದವರಿದ್ದರೆ ಗ್ರಾಹಕರ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು, 2022ರ ಸೆಪ್ಟೆಂಬರ್‌ನಿಂದ ಈ ಕ್ರೆಡಿಟ್ ಕಂಪನಿಗಳೂ ಅದರ ಅಡಿ ಬರುತ್ತವೆ.

ರಿಪೋರ್ಟಿನಲ್ಲಿ ಜನ ಸ್ಕೋರ್ ನೋಡಿ ಮುಚ್ಚಿಬಿಡುತ್ತಾರೆ. ಅದು 300ರಿಂದ 900ರವರೆಗಿನ ಒಂದು ಸಂಖ್ಯೆ ಅಷ್ಟೆ, ಕಥೆ ಇರೋದು ಒಳಗಿನ ಪುಟಗಳಲ್ಲಿ. ನಮ್ಮವರಿಗೆ ಮುಖ್ಯವಾಗಿ ಹೆಸರಿನ ಕಾಟ. ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು, ಆಧಾರ್‌ನಲ್ಲಿ ಬರೀ ಇನಿಷಿಯಲ್, ಬ್ಯಾಂಕಿನಲ್ಲಿ ಊರ ಹೆಸರು ಸೇರಿ. ನನ್ನ ಹೆಸರೇ ಮೂರು ಥರ ಇತ್ತು. ಆಮೇಲೆ ಜಾಮೀನು. ಭಾವನ ಟ್ರ್ಯಾಕ್ಟರ್ ಸಾಲಕ್ಕೆ ಎಂದೋ ಸಹಿ ಹಾಕಿದ್ದು ಗ್ಯಾರಂಟರ್ ಅಂತ ನನ್ನ ಲೆಕ್ಕದಲ್ಲೇ ಕೂತಿದೆ. ಪುಣ್ಯಕ್ಕೆ ಭಾವ ಸರಿಯಾಗಿ ಕಟ್ಟುತ್ತಿದ್ದಾರೆ. ಯಾರ್ಯಾರು ನಮ್ಮ ರಿಪೋರ್ಟ್ ಇಣುಕಿದ್ದಾರೆ ಅನ್ನುವ ಪಟ್ಟಿಯೂ ಕೊನೆಯಲ್ಲಿ ಇರುತ್ತದೆ, ನೀವು ಸಾಲ ಕೇಳದ ಹೆಸರು ಅಲ್ಲಿದ್ದರೆ ಬಿಡಬೇಡಿ. ನಾವೇ ನೋಡಿಕೊಂಡರೆ ಸ್ಕೋರ್ ಇಳಿಯುತ್ತೆ ಅನ್ನೋದು ಸುಳ್ಳು, ಸಾಲ ಕೊಡುವವರು ನೋಡಿದಾಗ ಮಾತ್ರ ಲೆಕ್ಕ.

ಫ್ರೀ ಸ್ಕೋರ್ ತೋರಿಸುವ ಬೇರೆ ಆ್ಯಪ್‌ಗಳೂ ಇವೆ. ಮೊದಲು ಅಂಥದ್ದೊಂದನ್ನೇ ಹಾಕಿಕೊಂಡಿದ್ದೆ. ಸಂಜೆಯೊಳಗೆ ಪರ್ಸನಲ್ ಲೋನ್ ಬೇಕಾ ಅಂತ ಆರು ಫೋನ್. ನೇರವಾಗಿ ಆ ನಾಲ್ಕರಲ್ಲೇ ತೆಗೆಯೋದು ವಾಸಿ.

ವರ್ಷಕ್ಕೊಂದು ಅನ್ನುವ ಲೆಕ್ಕ ಜನವರಿಯಿಂದ ಡಿಸೆಂಬರ್. ಅಂದರೆ ಡಿಸೆಂಬರ್ ಕೊನೇ ವಾರ ಒಂದು ತೆಗೆದು ಜನವರಿಯಲ್ಲಿ ಮತ್ತೊಂದು ತೆಗೆಯಬಹುದು. ಸೇವೆಗೆ ಐದಕ್ಕೆ ಮೂರೂವರೆ ಕೊಡುತ್ತೇನೆ. ಆ ಒಂದೂವರೆ ಕಳೆದದ್ದು ಲಿಂಕ್ ಬಚ್ಚಿಟ್ಟಿದ್ದಕ್ಕೆ.

ನನ್ನದು ಮುಗಿದ ಮೇಲೆ ಅಮ್ಮನದ್ದೂ ತೆಗೆದೆ. ಅಮ್ಮ ಸಂಘದ ಸಾಲ ಬಿಟ್ಟು ಬೇರೇನೂ ಮಾಡಿದವರಲ್ಲ, ಆದರೆ ಮೈಕ್ರೋಫೈನಾನ್ಸ್ ಸಾಲಗಳೂ ಇಲ್ಲಿಗೆ ಬರುತ್ತವೆ, ಕ್ರಿಫ್ ಹೈಮಾರ್ಕ್ ಅಂತೂ ಅದರಲ್ಲೇ ಹೆಸರು ಮಾಡಿದ್ದು. ಮೂರು ಸಾಲ ಇತ್ತು. ಪ್ರಿಂಟ್ ತೆಗೆಸಿ ಒಂದೊಂದೇ ಸಾಲು ಓದಿ ಹೇಳಿದೆ. "ಸೊನ್ನೆ ಅಂದ್ರೆ ಏನಪ್ಪಾ, ಕಟ್ಟಿಲ್ಲ ಅಂತಾನಾ?" ಅಂತ ಗಾಬರಿಯಾದರು. ಇಲ್ಲಮ್ಮ, ಒಂದು ದಿನವೂ ತಡ ಆಗಿಲ್ಲ ಅಂತ ಅಂದೆ. ಕಾಗದ ಇಸ್ಕೊಂಡು ನಾಲ್ಕು ಮಡಿಕೆ ಮಾಡಿ, ಬೀರುವಿನಲ್ಲಿ ಎಲ್‌ಐಸಿ ಬಾಂಡ್ ಇಟ್ಟಿದ್ದ ಕವರಿನೊಳಗೆ ಇಟ್ಟುಕೊಂಡರು.